ಛಾವಣಿಯ ಭಾರ ಯಾವ ದಾರಿಯಲ್ಲಿ ಇಳಿಯುತ್ತದೆ? ಮನೆ ಕಟ್ಟಿಸುವವರ ಪ್ರಶ್ನೆಗಳಿಗೆ ಸ್ಟ್ರಕ್ಚರಲ್ ಎಂಜಿನಿಯರರ ಉತ್ತರ

ಈ ಸಂಚಿಕೆಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನ ಸಣ್ಣ ನಿವೇಶನಗಳಲ್ಲಿ ಮನೆ ಕಟ್ಟಿಸುತ್ತಿರುವವರದು. ಎಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಆರ್‌ಸಿಸಿ ಸ್ಲ್ಯಾಬು, ಬೀಮು, ಕಂಬಗಳಿಗೆ ಸಂಬಂಧಿಸಿವೆ. ಗಾಳಿ ಮತ್ತು ಭೂಕಂಪದ ವಿಚಾರವನ್ನು ಬದಿಗಿಟ್ಟು, ಮೇಲಿನಿಂದ ನೆಲಕ್ಕಿಳಿಯುವ ತೂಕದ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ಕಿಲೋನ್ಯೂಟನ್ ಎಂದಿರುವಲ್ಲೆಲ್ಲ ಸುಮಾರು ನೂರು ಕಿಲೋ ತೂಕ ಎಂದು ಓದಿಕೊಳ್ಳಬಹುದು. ಅಂಕಿಗಳು ವಿಷಯ ತಿಳಿಯಲೆಂದು ಹಾಕಿದ ಲೆಕ್ಕಗಳೇ ಹೊರತು, ಹಾಗೆಯೇ ಎತ್ತಿಕೊಂಡು ಹೋಗಿ ಮೇಸ್ತ್ರಿಯ ಕೈಗೆ ಕೊಡುವಂಥವಲ್ಲ.

ಪ್ರಶ್ನೆ: 30×40 ಸೈಟಿನಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಎಂಜಿನಿಯರ್ ಐದು ಇಂಚಿನ ಸ್ಲ್ಯಾಬ್ ಬರೆದುಕೊಟ್ಟಿದ್ದಾರೆ. ಮೇಸ್ತ್ರಿಯವರು ಮಾತ್ರ "ಆರು ಇಂಚು ಹಾಕಿಬಿಡಿ ಸಾರ್, ಗಟ್ಟಿಯಾಗಿರುತ್ತೆ" ಎನ್ನುತ್ತಿದ್ದಾರೆ. ಒಂದು ಇಂಚು ಹೆಚ್ಚು ಹಾಕಿಸಿದರೆ ತಪ್ಪೇನು? (ಓದುಗರೊಬ್ಬರು, ವಿಜಯನಗರ)

ಉತ್ತರ: ಸ್ಲ್ಯಾಬೊಂದನ್ನೇ ನೋಡಿದರೆ ನಿಮ್ಮ ಮೇಸ್ತ್ರಿಯವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಸ್ಲ್ಯಾಬು ಗಾಳಿಯಲ್ಲಿ ನಿಂತಿಲ್ಲ. ಅದರ ತೂಕವನ್ನು ಬೀಮು ಹೊರಬೇಕು, ಬೀಮಿನದನ್ನು ಕಂಬ, ಕಂಬದ್ದನ್ನು ಪಾಯ ಹೊರಬೇಕು. ಆರ್‌ಸಿಸಿ ಘನ ಮೀಟರಿಗೆ 25 ಕಿಲೋನ್ಯೂಟನ್ ತೂಗುತ್ತದೆ. ಐದು ಇಂಚು, ಅಂದರೆ 125 ಮಿಲಿಮೀಟರ್ ಸ್ಲ್ಯಾಬಿನ ಸ್ವಂತ ತೂಕವೇ ಚದರ ಮೀಟರಿಗೆ 3.1 ಕಿಲೋನ್ಯೂಟನ್. ಅದರ ಮೇಲೆ ಗಾರೆ ಮತ್ತು ಟೈಲ್ಸ್ ಸೇರಿ ಸುಮಾರು 1.25. ವಾಸದ ಕೋಣೆಗಳಲ್ಲಿ ಜನ, ಮಂಚ, ಬೀರು ಇತ್ಯಾದಿಗಳಿಗೆಂದು ಕಟ್ಟಡಗಳ ಭಾರದ ಬಗೆಗಿನ ಭಾರತೀಯ ಸಂಹಿತೆಯಾದ ಐಎಸ್ 875ರ ಎರಡನೆಯ ಭಾಗ ಹೇಳುವ ಚರ ಭಾರ 2.0. ಒಟ್ಟು ಹತ್ತಿರಹತ್ತಿರ 6.4. ಅಂದರೆ ಸ್ಲ್ಯಾಬು ಜೀವಮಾನವಿಡೀ ಹೊರುವ ಭಾರದಲ್ಲಿ ಅರ್ಧದಷ್ಟು ಅದರದೇ ಮೈಭಾರ. ವಿನ್ಯಾಸ ಮಾಡುವಾಗ ಈ ಒಟ್ಟು ಭಾರವನ್ನು ಒಂದೂವರೆ ಪಟ್ಟು ಹೆಚ್ಚಿಸಿಕೊಂಡೇ ಕಂಬಿಯ ಲೆಕ್ಕ ಹಾಕುತ್ತಾರೆ, ಹಾಗಾಗಿ ಸುರಕ್ಷತೆಯ ಅಂತರ ಐದು ಇಂಚಿನ ಲೆಕ್ಕದೊಳಗೇ ಸೇರಿಕೊಂಡಿರುತ್ತದೆ.

ಈಗ ನಾಲ್ಕು ಬೀಮುಗಳ ನಡುವಿನ ಒಂದು ಅಂಕಣವನ್ನು ತೆಗೆದುಕೊಳ್ಳೋಣ: ನಾಲ್ಕು ಮೀಟರ್ ಅಗಲ, ಐದು ಮೀಟರ್ ಉದ್ದ. ಇಪ್ಪತ್ತು ಚದರ ಮೀಟರಿಗೆ 128 ಕಿಲೋನ್ಯೂಟನ್, ಅಂದರೆ ಸುಮಾರು ಹದಿಮೂರು ಟನ್. ಇದು ನಾಲ್ಕೂ ಬೀಮುಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ. ನಾಲ್ಕು ಮೂಲೆಗಳಿಂದ 45 ಡಿಗ್ರಿ ಕೋನದಲ್ಲಿ ಗೆರೆ ಎಳೆದರೆ ಗಿಡ್ಡ ಬದಿಗಳಲ್ಲಿ ತ್ರಿಕೋನಗಳೂ ಉದ್ದ ಬದಿಗಳಲ್ಲಿ ಮೇಲ್ಭಾಗ ಕತ್ತರಿಸಿದ ತ್ರಿಕೋನದಂಥ ತುಂಡುಗಳೂ ಸಿಗುತ್ತವೆ. ಯಾವ ತುಂಡು ಯಾವ ಬೀಮಿಗೆ ಅಂಟಿಕೊಂಡಿದೆಯೋ ಆ ಭಾರ ಆ ಬೀಮಿನದು. ನಮ್ಮ ಅಂಕಣದಲ್ಲಿ ಗಿಡ್ಡ ಬೀಮೊಂದಕ್ಕೆ ನಾಲ್ಕು ಚದರ ಮೀಟರಿನ 25.6 ಕಿಲೋನ್ಯೂಟನ್, ಉದ್ದ ಬೀಮೊಂದಕ್ಕೆ ಆರು ಚದರ ಮೀಟರಿನ 38.4. ಪಕ್ಕದ ಅಂಕಣವೂ ಅದೇ ಬೀಮಿನ ಮೇಲೆ ಕೂತಿದ್ದರೆ ಅದರ ಪಾಲನ್ನೂ ಕೂಡಿಸಬೇಕು. ಬೀಮಿನ ಆಳವೂ ಕಂಬಿಯ ಸಂಖ್ಯೆಯೂ ಈ ಹಂಚಿಕೆಯಿಂದ ಹುಟ್ಟಿದವು. ಸ್ಲ್ಯಾಬಿನ ಉದ್ದ ಅಗಲದ ಎರಡು ಪಟ್ಟಿಗಿಂತ ಹೆಚ್ಚಾದರೆ ಲೆಕ್ಕವೇ ಬೇರೆ. ಆಗ ಭಾರವೆಲ್ಲ ಗಿಡ್ಡ ದಿಕ್ಕಿನಲ್ಲಿ ಹರಿದು ಉದ್ದದ ಬೀಮುಗಳಿಗೇ ಹೋಗುತ್ತದೆ ಎಂದು ಎಣಿಸುತ್ತಾರೆ.

ಒಂದು ಇಂಚು ಏರಿಸಿದಾಗ ಚದರ ಮೀಟರಿಗೆ 0.6 ಕಿಲೋನ್ಯೂಟನ್‌ಗಿಂತ ಸ್ವಲ್ಪ ಹೆಚ್ಚು ತೂಕ ಕೂಡುತ್ತದೆ. ಎಂಬತ್ತು ಚದರ ಮೀಟರಿನ ಒಂದು ಸ್ಲ್ಯಾಬಿಗೆ ಐದು ಟನ್, ಮೂರು ಸ್ಲ್ಯಾಬುಗಳಿಗೆ ಹದಿನೈದು ಟನ್. ನಿಮ್ಮ ಕಂಬಗಳೂ ಪಾಯವೂ ಈ ಹದಿನೈದು ಟನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದರಿಂದ ಮನೆ ಬೀಳುತ್ತದೆಂದು ಹೇಳುತ್ತಿಲ್ಲ. ಆದರೆ ಹಣ ಕೊಟ್ಟು ಸುರಕ್ಷತೆಯ ಅಂತರವನ್ನು ಕಡಿಮೆ ಮಾಡಿಕೊಳ್ಳುವುದರಲ್ಲಿ ಜಾಣತನವಿಲ್ಲ.

ಇನ್ನೊಂದು ಮಾತು. ಮನೆಗಳಲ್ಲಿ ಸ್ಲ್ಯಾಬಿನ ದಪ್ಪವನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಅದು ಮುರಿದೀತೇ ಎಂಬ ಪ್ರಶ್ನೆಯಲ್ಲ, ಎಷ್ಟು ಜಗ್ಗೀತು ಎಂಬ ಪ್ರಶ್ನೆ. ಕಾಂಕ್ರೀಟು ಕೆಲಸದ ಭಾರತೀಯ ಸಂಹಿತೆಯಾದ ಐಎಸ್ 456:2000 ಅಂಕಣದ ಅಗಲಕ್ಕೂ ಸ್ಲ್ಯಾಬಿನ ಪರಿಣಾಮಕಾರಿ ಆಳಕ್ಕೂ ಮೂಲ ಅನುಪಾತಗಳನ್ನು ಕೊಡುತ್ತದೆ: ಎರಡು ತುದಿಗಳಲ್ಲಿ ಸುಮ್ಮನೆ ಕೂತಿದ್ದರೆ 20, ಪಕ್ಕದ ಅಂಕಣಗಳಿಗೂ ಮುಂದುವರಿದಿದ್ದರೆ 26, ಹೊರಚಾಚಿದ ಬಾಲ್ಕನಿಗೆ ಬರೀ 7. ಕಂಬಿಯ ಪ್ರಮಾಣ ನೋಡಿ ಇವನ್ನು ಹಿಗ್ಗಿಸುವ ಅವಕಾಶವೂ ಇದೆ. ಪರಿಣಾಮಕಾರಿ ಆಳವೆಂದರೆ ಸ್ಲ್ಯಾಬಿನ ಒತ್ತಡ ಬೀಳುವ ಮುಖದಿಂದ ಎಳೆತ ತಡೆಯುವ ಕಂಬಿಯ ನಡುಮಧ್ಯದವರೆಗಿನ ಅಂತರ. ಈ ಶಬ್ದ ಬಾಲ್ಕನಿಯ ಪ್ರಶ್ನೆಯಲ್ಲಿ ಮತ್ತೆ ಬರುತ್ತದೆ. ಅಂಕಣ ನಾಲ್ಕೂವರೆ ಮೀಟರ್ ದಾಟಿದರೆ ಅಥವಾ ಸ್ಲ್ಯಾಬಿನ ಮೇಲೆ ನೇರವಾಗಿ ಗೋಡೆ ಬರುವುದಾದರೆ ಎಂಜಿನಿಯರರೇ ಆರು ಇಂಚು ಬರೆಯುತ್ತಾರೆ. ಆಗ ಅದಕ್ಕೆ ತಕ್ಕ ಬೀಮೂ ಪಾಯವೂ ಅದೇ ಹಾಳೆಯಲ್ಲಿರುತ್ತವೆ.

ಪ್ರಶ್ನೆ: ನೆಲಮಹಡಿ ಮುಗಿದಿದೆ. ಮೊದಲ ಮಹಡಿಯಲ್ಲಿ ಹಾಲನ್ನು ಸ್ವಲ್ಪ ಚಿಕ್ಕದು ಮಾಡಿ ಮಗಳಿಗೊಂದು ಓದುವ ಕೋಣೆ ಮಾಡಬೇಕೆಂದಿದ್ದೇವೆ. ಹೊಸ ಗೋಡೆಯ ಕೆಳಗೆ ಬೀಮಿಲ್ಲ. ಗುತ್ತಿಗೆದಾರರು "ಹಿಡನ್ ಬೀಮ್ ಇದೆ, ಗೋಡೆ ಎಬ್ಬಿಸಬಹುದು" ಎನ್ನುತ್ತಾರೆ. ನಂಬಬಹುದೇ? (ಗೃಹಿಣಿ, ನಾಗರಬಾವಿ)

ಉತ್ತರ: ಗೋಡೆಯನ್ನು ತೂಗಿ ನೋಡೋಣ. ನಮ್ಮೂರಿನಲ್ಲಿ ಎಲ್ಲರೂ ಬಳಸುವ ಆರು ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕಿನ ಗೋಡೆ, ಎರಡೂ ಕಡೆ ಪ್ಲಾಸ್ಟರು, ಎತ್ತರ 2.9 ಮೀಟರ್ ಎಂದಿಟ್ಟುಕೊಂಡರೆ ಉದ್ದಳತೆಯ ಪ್ರತಿ ಮೀಟರಿಗೆ ಸುಮಾರು ಹತ್ತೂವರೆ ಕಿಲೋನ್ಯೂಟನ್. ನಾಲ್ಕು ಮೀಟರ್ ಗೋಡೆ ನಾಲ್ಕು ಟನ್ನಿಗೂ ಮಿಗಿಲು. ಹಿಂದಿನ ಉತ್ತರದ ಲೆಕ್ಕಕ್ಕೆ ಹೋಲಿಸಿದರೆ, ಆರೂವರೆ ಚದರ ಮೀಟರ್ ನೆಲ ತನ್ನ ಟೈಲ್ಸ್, ಜನ, ಸಾಮಾನು ಸಮೇತ ಹೊರುವ ಇಡೀ ಭಾರವನ್ನು ನೀವು ಆರಿಂಚು ಅಗಲದ ಒಂದು ಗೆರೆಯ ಮೇಲೆ ಇಡುತ್ತಿದ್ದೀರಿ.

ಹಿಡನ್ ಬೀಮಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಇದೆ. ಸ್ಲ್ಯಾಬಿನ ದಪ್ಪದೊಳಗೇ ಅಡಗಿಸಿದ, ನಾಲ್ಕಾರು ಕಂಬಿಗಳನ್ನು ರಿಂಗಿನಲ್ಲಿ ಕಟ್ಟಿ ಮಲಗಿಸಿದ ಆ ಪಟ್ಟಿಗೆ ಬೀಮು ಎಂಬ ಹೆಸರು ಮಾತ್ರ ಇದೆ. ಬೀಮು ಭಾರವನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದು ತಾನು ಸ್ಲ್ಯಾಬಿಗಿಂತ ಬಹಳ ಬಿಗಿಯಾಗಿರುವುದರಿಂದ, ಆ ಬಿಗಿ ಬರುವುದು ಆಳದಿಂದ. ಆಳ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಐದು ಇಂಚಿನ ಸ್ಲ್ಯಾಬಿನಲ್ಲಿ ಐದೇ ಇಂಚಿನ ಬೀಮು ಸ್ಲ್ಯಾಬಿನ ಜೊತೆಯಲ್ಲೇ ಜಗ್ಗುತ್ತದೆ. ಹೆಚ್ಚುವರಿ ಕಂಬಿಯಿಂದ ಆ ಪಟ್ಟಿಗೆ ಬಲ ಕೂಡುತ್ತದೆ ಎಂಬುದು ನಿಜ, ಆದರೆ ಸ್ಲ್ಯಾಬನ್ನು ಅಲ್ಲಿ ಎರಡು ಅಂಕಣವಾಗಿ ಒಡೆದು ಲೆಕ್ಕ ಹಾಕಿದ್ದರೆ ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ನಿಮಗೆ ಸುಲಭದ ದಾರಿಯೊಂದಿದೆ. ನಾಲ್ಕು ಇಂಚಿನ ಎಎಸಿ (ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟಿನ) ಬ್ಲಾಕಿನ ಗೋಡೆ ಪ್ಲಾಸ್ಟರು ಸೇರಿಯೂ ಮೀಟರಿಗೆ ಮೂರೂವರೆಯಿಂದ ನಾಲ್ಕು ಕಿಲೋನ್ಯೂಟನ್ ಒಳಗೇ ಇರುತ್ತದೆ. ಜಿಪ್ಸಮ್ ಬೋರ್ಡಿನ ವಿಭಜನೆ ಅದಕ್ಕಿಂತಲೂ ಹಗುರ. ಹಗುರವಾದ ಅಡ್ಡಗೋಡೆಗಳ ವಿಷಯದಲ್ಲಿ, ಒಂದು ಮೀಟರ್ ಗೋಡೆಯ ತೂಕದ ಮೂರನೆಯ ಒಂದು ಭಾಗವನ್ನು ಪ್ರತಿ ಚದರ ಮೀಟರ್ ನೆಲಕ್ಕೆ ಹಂಚಿ ಲೆಕ್ಕಕ್ಕೆ ಹಿಡಿಯಲು ಸಂಹಿತೆಯೇ ದಾರಿ ಮಾಡಿಕೊಟ್ಟಿದೆ. ಎಎಸಿ ಗೋಡೆಗೆ ಇದು ಚದರ ಮೀಟರಿಗೆ ಸುಮಾರು 1.25 ಕಿಲೋನ್ಯೂಟನ್ ಆಗುತ್ತದೆ. ಅಷ್ಟನ್ನು ಹೊರುವ ಶಕ್ತಿ ಹಾಕಿರುವ ಕಂಬಿಗಿದೆಯೇ ಎಂದು ನಕ್ಷೆ ಮಾಡಿದವರ ಹತ್ತಿರ ಬರಹದಲ್ಲಿ ಕೇಳಿ. ಗುತ್ತಿಗೆದಾರರನ್ನಲ್ಲ.

ಪ್ರಶ್ನೆ: ನಿವೃತ್ತ ಅಧ್ಯಾಪಕ. ಮೂರು ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಮೊದಲ ಮಹಡಿಯ ಕೋಣೆಯಲ್ಲಿ ಇಡಬಹುದೇ? (ಬಸವನಗುಡಿ)

ಉತ್ತರ: ಗೋಡೆಗೆ ಒತ್ತಿ ಇಟ್ಟರೆ ಇಡಬಹುದು, ಆ ಗೋಡೆಯ ಕೆಳಗೆ ಬೀಮು ಅಥವಾ ಇನ್ನೊಂದು ಗೋಡೆ ಇದ್ದರೆ. ಆಳೆತ್ತರದ ಕಪಾಟು ತುಂಬ ಪುಸ್ತಕವಿದ್ದರೆ ಪ್ರತಿ ಮೀಟರ್ ಉದ್ದಕ್ಕೆ ಮುನ್ನೂರರಿಂದ ಮುನ್ನೂರೈವತ್ತು ಕಿಲೋ ತೂಗುತ್ತದೆ. ಬೀಮಿನ ಪಕ್ಕದಲ್ಲೇ ಇದ್ದಾಗ ಸ್ಲ್ಯಾಬು ಬಾಗುವ ಪ್ರಮಾಣ ಕಡಿಮೆ. ಕೋಣೆಯ ನಡುವೆ ಗ್ರಂಥಾಲಯದಂತೆ ಸಾಲುಸಾಲಾಗಿ ಕಪಾಟು ನಿಲ್ಲಿಸುವುದು ಮಾತ್ರ ಬೇಡ. ಗ್ರಂಥಾಲಯದ ಪುಸ್ತಕದ ಕೋಣೆಗೆ ಸಂಹಿತೆ ಹೇಳುವುದು ಚದರ ಮೀಟರಿಗೆ ಕನಿಷ್ಠ 6 ಕಿಲೋನ್ಯೂಟನ್, ನಿಮ್ಮ ಮಲಗುವ ಕೋಣೆ ವಿನ್ಯಾಸಗೊಂಡಿರುವುದು 2ಕ್ಕೆ. ಹಳೆಯ ಮನೆಯಾಗಿದ್ದು ಮಹಡಿ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ಮದ್ರಾಸ್ ಟೆರೇಸಿನದಾಗಿದ್ದರೆ ತೊಲೆಗಳ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಮೊದಲು ತೋರಿಸಿ; ಗೆದ್ದಲು ಮತ್ತು ತೇವ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಅಲ್ಲಿ.

ಪ್ರಶ್ನೆ: ಸ್ಟಿಲ್ಟ್ ಪಾರ್ಕಿಂಗ್‌ನಲ್ಲಿ ಎರಡು ಕಾರು ತಿರುಗಲು ನಡುವಿನ ಒಂದು ಕಂಬ ಅಡ್ಡ ಬರುತ್ತಿದೆ. ಅದನ್ನು ಮೊದಲ ಮಹಡಿಯ ಬೀಮಿನ ಮೇಲಿಂದ ಶುರುಮಾಡಿದರೆ ಆಗದೇ? ಪಕ್ಕದ ಮನೆಯಲ್ಲಿ ಹಾಗೆ ಮಾಡಿದ್ದಾರೆ. (ಆರ್.ಟಿ. ನಗರ)

ಉತ್ತರ: ಪಕ್ಕದ ಮನೆಯ ಬೀಮಿನೊಳಗೆ ಏನಿದೆ ಎಂಬುದು ನಿಮಗೂ ಕಾಣದು, ನನಗೂ ಕಾಣದು. ನಿಮ್ಮ ಕಂಬದ ಲೆಕ್ಕ ನೋಡೋಣ. ಅದು ಪ್ರತಿ ಮಹಡಿಯಲ್ಲಿ ಸುತ್ತಲಿನ ಹದಿನೆಂಟು ಚದರ ಮೀಟರ್ ನೆಲವನ್ನು ಹೊರುತ್ತದೆ ಎನ್ನೋಣ. ಸ್ಲ್ಯಾಬು, ಬೀಮು, ಗೋಡೆ ಎಲ್ಲವೂ ಸೇರಿ ಚದರ ಮೀಟರಿಗೆ 12 ಕಿಲೋನ್ಯೂಟನ್ ಎಂದು ಮನೆಗಳಿಗೆ ಅಂದಾಜು ಹಿಡಿಯುವುದುಂಟು. ಮೂರು ಮಹಡಿಗೆ ಸುಮಾರು 650 ಕಿಲೋನ್ಯೂಟನ್, ಅಂದರೆ ಅರವತ್ತೈದು ಟನ್. ಇದು ಆರು ಮೀಟರ್ ಬೀಮಿನ ನಟ್ಟನಡುವೆ ಕೂತರೆ, ಬೀಮನ್ನು ಬಾಗಿಸುವ ಮೊಮೆಂಟು ಭಾರವನ್ನು ಉದ್ದದಿಂದ ಗುಣಿಸಿ ನಾಲ್ಕರಿಂದ ಭಾಗಿಸಿದಷ್ಟು: 975 ಕಿಲೋನ್ಯೂಟನ್ ಮೀಟರ್. ಅದೇ ಬೀಮು ಮಾಮೂಲಿಯಾಗಿ ಮೀಟರಿಗೆ 25 ಕಿಲೋನ್ಯೂಟನ್ ಹೊತ್ತಿದ್ದರೆ ಮೊಮೆಂಟು 112. ಎಂಟು ಪಟ್ಟಿಗಿಂತ ಹೆಚ್ಚು! ಒಂದೂವರೆ ಅಡಿ ಆಳದ ಬೀಮಿನಲ್ಲಿ ಕಂಬಿ ಜಾಸ್ತಿ ಮಾಡಿ ಇದನ್ನು ಸರಿದೂಗಿಸಲು ಆಗುವುದಿಲ್ಲ. ಕಂಬಿ ಅತಿಯಾದರೆ ಕಾಂಕ್ರೀಟು ಮೊದಲು ಪುಡಿಯಾಗುತ್ತದೆ, ಮುನ್ಸೂಚನೆಯಿಲ್ಲದೆ. ಆಳ ಹೆಚ್ಚಿಸಿದರೆ ಕಾರಿನ ತಲೆಯ ಮೇಲೆ ಜಾಗ ಉಳಿಯದು. ಅದಲ್ಲದೆ ಮೂರು ಮಹಡಿಯ ಅಷ್ಟೂ ಭಾರ ಹೋಗಿ ಕೂರುವ ಪಕ್ಕದ ಎರಡು ಕಂಬಗಳನ್ನೂ ಅವುಗಳ ಪಾಯವನ್ನೂ ಹೊಸದಾಗಿ ಲೆಕ್ಕ ಹಾಕಬೇಕು.

ದೊಡ್ಡ ಕಟ್ಟಡಗಳಲ್ಲಿ ಇಂಥ ಬೀಮುಗಳನ್ನು ಮಾಡುತ್ತಾರೆ, ಆಳ ನಾಲ್ಕೈದು ಅಡಿ ಇರುತ್ತದೆ. ಮನೆಗೆ ನನ್ನ ಸಲಹೆ ಬೇರೆ: ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿಟ್ಟು, ಅದರ ಉದ್ದ ಬದಿಯನ್ನು ಕಾರು ಸಾಗುವ ದಿಕ್ಕಿಗೆ ತಿರುಗಿಸಿ. ಒಂಬತ್ತು ಇಂಚು ಅಗಲ, ಹದಿನೆಂಟು ಇಂಚು ಉದ್ದದ ಕಂಬವನ್ನು ತಿರುಗಿಸಿದರೆ ಕಾರಿಗೆ ಒಂಬತ್ತು ಇಂಚು ದಾರಿ ಸಿಗುತ್ತದೆ. ಆಗಲೂ ಸಾಲದಿದ್ದರೆ ಮೇಲಿನ ಕೋಣೆಗಳ ವಿನ್ಯಾಸವನ್ನು ಬದಲಿಸಿ.

ಪ್ರಶ್ನೆ: ನಾಲ್ಕು ಅಡಿ ಬಾಲ್ಕನಿಯ ಸ್ಲ್ಯಾಬ್ ಮುಂದಿನ ವಾರ ಹಾಕುತ್ತಾರೆ. ಮನೆಯವರಾಗಿ ನಾವು ಏನನ್ನು ನೋಡಿಕೊಳ್ಳಬೇಕು? (ದಂಪತಿ, ಯಲಹಂಕ)

ಉತ್ತರ: ಮೇಲಿನ ಕಂಬಿ ಮೇಲೆಯೇ ಇದೆಯೇ ಎಂಬುದೊಂದನ್ನು ಬಿಡದೆ ನೋಡಿ. ಕೋಣೆಯ ನಡುವೆ ಸ್ಲ್ಯಾಬು ಕೆಳಗೆ ಬಾಗುವುದರಿಂದ ತಳದಲ್ಲಿ ಎಳೆತ ಬರುತ್ತದೆ, ಕಂಬಿ ತಳದಲ್ಲಿರುತ್ತದೆ. ಹೊರಚಾಚಿದ ಬಾಲ್ಕನಿಯಲ್ಲಿ ಎಳೆತ ಮೇಲ್ಮೈಯಲ್ಲಿ, ಬುಡದ ಬೀಮಿನ ಮೇಲೆ ಅತ್ಯಂತ ಹೆಚ್ಚು. ಬುಡದಲ್ಲಿ ಆರು ಇಂಚು ದಪ್ಪ, ತುದಿಯಲ್ಲಿ ಪ್ಯಾರಪೆಟ್ ಗೋಡೆ, ಮೇಲೆ ಬಾಲ್ಕನಿಗೆ ಹೇಳಿರುವ 3 ಕಿಲೋನ್ಯೂಟನ್ ಚರ ಭಾರ ಹಿಡಿದರೆ, ಒಂದು ಮೀಟರ್ ಅಗಲದ ಪಟ್ಟಿಗೆ ಒಂದೂವರೆ ಪಟ್ಟು ಏರಿಸಿದ ಮೊಮೆಂಟು ಸುಮಾರು 12.8 ಕಿಲೋನ್ಯೂಟನ್ ಮೀಟರ್. ಎಂಟು ಮಿಲಿಮೀಟರ್ ಕಂಬಿಗಳನ್ನು ಆರು ಇಂಚಿಗೊಂದರಂತೆ, ಮೇಲ್ಮೈಯಿಂದ 20 ಮಿಲಿಮೀಟರ್ ಕವರ್ ಬಿಟ್ಟು ಕಟ್ಟಿದರೆ ಸಿಗುವ ಸಾಮರ್ಥ್ಯ 17ರಷ್ಟು. ಚೆನ್ನಾಗಿದೆ.

ಕಾಂಕ್ರೀಟು ಹಾಕುವ ದಿನ ಬಾಂಡ್ಲಿ ಹೊತ್ತವರು, ವೈಬ್ರೇಟರ್ ಹಿಡಿದವರು ಆ ಕಂಬಿಗಳ ಮೇಲೆಯೇ ಓಡಾಡುತ್ತಾರೆ. ಕಂಬಿ ಎರಡು ಇಂಚು ತಗ್ಗಿತೆನ್ನಿ. ಪರಿಣಾಮಕಾರಿ ಆಳ 125ರಿಂದ 75 ಮಿಲಿಮೀಟರಿಗೆ ಇಳಿದು, ಸಾಮರ್ಥ್ಯ ಹತ್ತಕ್ಕೆ ಕುಸಿಯುತ್ತದೆ. ಬಿಲ್ಲಿನಲ್ಲಿ ಒಂದು ಕಿಲೋ ಕಬ್ಬಿಣವೂ ಕಡಿಮೆಯಾಗಿಲ್ಲ, ಫೋಟೋದಲ್ಲಿ ಎಲ್ಲ ಕಂಬಿಯೂ ಇದೆ, ಬಾಲ್ಕನಿ ಮಾತ್ರ ಬೇಕಾದಷ್ಟು ಬಲವಿಲ್ಲದ್ದು. ಇದಕ್ಕೆ ಮದ್ದು ಅಗ್ಗದ್ದು: ಹತ್ತು ಮಿಲಿಮೀಟರ್ ಕಂಬಿಯನ್ನು ಬಗ್ಗಿಸಿ ಮಾಡಿದ ಕುರ್ಚಿಗಳನ್ನು ಎರಡೆರಡು ಅಡಿಗೆ ಇಡಿಸಿ, ಬುಡದ ಹತ್ತಿರ ಇನ್ನೂ ಒತ್ತಾಗಿ; ಓಡಾಡಲು ಹಲಗೆ ಹಾಸಲು ಹೇಳಿ; ಕಾಂಕ್ರೀಟು ಬೀಳುವ ಹೊತ್ತಿಗೆ ಟೇಪು ಹಿಡಿದು ಅಲ್ಲೇ ನಿಂತು ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗ್ ಹಲಗೆಯಿಂದ ಮೇಲಿನ ಕಂಬಿಯವರೆಗೆ ಅಳೆಯಿರಿ. ಆ ಕಂಬಿಗಳು ಬೀಮಿನಲ್ಲೇ ನಿಲ್ಲದೆ ಒಳಗಿನ ಸ್ಲ್ಯಾಬಿನೊಳಗೆ ಬಾಲ್ಕನಿಯ ಅಗಲದ ಒಂದೂವರೆ ಪಟ್ಟಾದರೂ, ಅಂದರೆ ಸುಮಾರು ಆರು ಅಡಿ ಹೋಗಿರಲಿ. ಒಳಗಡೆಯ ಸ್ಲ್ಯಾಬು ಬಾತ್‌ರೂಮಿನದಾಗಿ ತಗ್ಗಿಸಿದ್ದರೆ ಮೇಲಿನ ಕಂಬಿ ಹೋಗಲು ದಾರಿಯೇ ಇರುವುದಿಲ್ಲ. ಅಲ್ಲಿ ಬಾಲ್ಕನಿಯನ್ನು ಹೇಗೆ ಹಿಡಿದಿಡಲಾಗಿದೆ ಎಂದು ನಕ್ಷೆಯಲ್ಲಿ ಕೇಳಿ ತಿಳಿದ ಮೇಲೆಯೇ ಕೆಲಸ ಬಿಡಿ.

ಪ್ರಶ್ನೆ: ಎರಡನೇ ಸ್ಲ್ಯಾಬಿಗಾಗಿ ಕೆಳಗಿನ ಸೆಂಟ್ರಿಂಗ್ ಸಾಮಾನು ಬೇಕೆಂದು ಏಳನೇ ದಿನ ಎಲ್ಲವನ್ನೂ ಬಿಚ್ಚುತ್ತೇವೆ ಎನ್ನುತ್ತಾರೆ. ಸರಿಯೇ? (ಕೆಂಗೇರಿ)

ಉತ್ತರ: ಏಳು ದಿನ ಎಂಬುದು ಎಲ್ಲಿಂದಲೋ ಬಂದ ಸಂಖ್ಯೆಯಲ್ಲ, ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿನ ಆಧಾರಗಂಬ ತೆಗೆಯಲು ಐಎಸ್ 456 ಹೇಳುವ ಕನಿಷ್ಠ ಅವಧಿ ಅದು. ಅದಕ್ಕಿಂತ ಅಗಲವಾದ ಸ್ಲ್ಯಾಬಿಗೆ 14 ದಿನ. ಬೀಮುಗಳಿಗೆ ಆರು ಮೀಟರಿನವರೆಗೆ 14, ಮೇಲಿದ್ದರೆ 21. ಇವು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ವಾತಾವರಣ 15 ಡಿಗ್ರಿಗಿಂತ ಕೆಳಗಿಳಿಯದೆ, ಕ್ಯೂರಿಂಗ್ ಸರಿಯಾಗಿ ನಡೆದಿದ್ದರೆ. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಹಾರುಬೂದಿ ಬೆರೆತ ಪಿಪಿಸಿ, ಅದು ಬಲ ಗಳಿಸುವುದು ನಿಧಾನ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆದರೆ ನಿಮ್ಮ ವಿಷಯದಲ್ಲಿ ದಿನಗಳಿಗಿಂತ ದೊಡ್ಡ ತೊಂದರೆ ಬೇರೆ ಇದೆ. ಮೇಲಿನ ಸ್ಲ್ಯಾಬಿನ ಹಸಿ ಕಾಂಕ್ರೀಟು ಚದರ ಮೀಟರಿಗೆ 3.1, ಸೆಂಟ್ರಿಂಗ್ 0.5, ಜನ ಮತ್ತು ಸಲಕರಣೆ 1.5, ಒಟ್ಟು 5.1 ಕಿಲೋನ್ಯೂಟನ್. ಇಷ್ಟನ್ನೂ ಆಧಾರಗಂಬಗಳು ಕೆಳಗಿನ ಸ್ಲ್ಯಾಬಿನ ಮೇಲೆ ಊರುತ್ತವೆ. ಆ ಸ್ಲ್ಯಾಬು ತನ್ನ ಮೈಭಾರದ ಹೊರತಾಗಿ ಹೊರಲೆಂದು ವಿನ್ಯಾಸಗೊಂಡಿರುವುದು ಟೈಲ್ಸಿನ 1.25 ಮತ್ತು ಚರ ಭಾರದ 2.0 ಸೇರಿ 3.25 ಮಾತ್ರ, ಅದೂ ಪೂರ್ತಿ ಬಲ ಬಂದ ಮೇಲೆ. ಹೀಗೆ ಕೂಸು ಸ್ಲ್ಯಾಬಿಗೆ ತನ್ನ ಆಯಸ್ಸಿನ ಅತ್ಯಂತ ದೊಡ್ಡ ಹೊರೆ ಬೀಳುವುದು ಗೃಹಪ್ರವೇಶದ ದಿನವಲ್ಲ, ಮೇಲಿನ ಛಾವಣಿ ಹಾಕುವ ದಿನ. ಹಾಗಾಗಿ ಮೇಲಿನದನ್ನು ಹಾಕುವಾಗ ಕೆಳಗಿನ ಅಂತಸ್ತಿನ ಆಧಾರಗಳೂ ಇರಲೇಬೇಕು. ಹಲಗೆ, ಶೀಟುಗಳನ್ನು ಬೇಕಾದರೆ ಒಯ್ಯಲಿ. ಬೀಮುಗಳ ಕೆಳಗೆ ಮತ್ತು ಪ್ರತಿ ಅಂಕಣದ ನಡುವೆ ಜಾಕಿಗಳು, ಅಂದರೆ ಕಬ್ಬಿಣದ ಆಧಾರಗಂಬಗಳು, ಉಳಿಯಲಿ, ಮೇಲಿನ ಆಧಾರಗಂಬಗಳ ನೇರಕ್ಕೇ. ಜಾಕಿಯ ಬಾಡಿಗೆ ನೀವೇ ಕೊಟ್ಟರೂ ನಷ್ಟವಿಲ್ಲ. ಹೊಸ ಸ್ಲ್ಯಾಬಿನ ನಡುವೆ ಸಿಮೆಂಟ್ ಮೂಟೆಗಳನ್ನು ಹತ್ತರ ಎತ್ತರಕ್ಕೆ ಪೇರಿಸುವುದನ್ನೂ ನಿಲ್ಲಿಸಿ. ಆ ಜಾಗದಲ್ಲಿ ಭಾರ ಚದರ ಮೀಟರಿಗೆ 15 ಕಿಲೋನ್ಯೂಟನ್ ದಾಟುತ್ತದೆ.

ಪ್ರಶ್ನೆ: ತಾರಸಿಯಲ್ಲಿ ಒಂದು ಅಡಿ ಮಣ್ಣು ತುಂಬಿ ತರಕಾರಿ ಬೆಳೆಯಬಹುದೇ? ಸಾವಿರ ಲೀಟರಿನ ಎರಡು ಟ್ಯಾಂಕುಗಳೂ ಅಲ್ಲೇ ಇವೆ. (ಜಯನಗರ)

ಉತ್ತರ: ಜನ ಓಡಾಡುವ ತಾರಸಿಗೆ ಹಿಡಿಯುವ ಚರ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ನೆನೆದ ಮಣ್ಣು ಒಂದು ಅಡಿಗೆ 5.4. ಆದ್ದರಿಂದ ಇಡೀ ತಾರಸಿಗೆ ಮಣ್ಣು ತುಂಬುವುದು ಬೇಡ. ತೆಂಗಿನನಾರಿನ ಪುಡಿ ಬೆರೆಸಿದ ಹಗುರ ಮಿಶ್ರಣದ ಕುಂಡಗಳನ್ನು ಬೀಮುಗಳ ಗೆರೆಯ ಮೇಲೆ ಸಾಲಾಗಿ ಇಡಿ. ಕೆಳಗಿನ ಮಹಡಿಯಲ್ಲಿ ಬೀಮು ಎಲ್ಲೆಲ್ಲಿದೆ ಎಂದು ಅಳೆದು ಮೇಲೆ ಸುಣ್ಣದಲ್ಲಿ ಗುರುತು ಹಾಕಿಕೊಳ್ಳಬಹುದು. ತುಂಬಿದ ಟ್ಯಾಂಕು ಒಂದೊಂದೂ ಒಂದು ಟನ್ನಿನ ಮೇಲಾಗುತ್ತದೆ. ಅವು ಸ್ಲ್ಯಾಬಿನ ನಡುವೆ ಇಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದರೆ, ಎರಡು ಕಂಬಗಳ ತಲೆಯಿಂದ ತಲೆಗೆ ಚಿಕ್ಕ ಬೀಮುಗಳನ್ನು ಹಾಕಿಸಿ ಅವುಗಳ ಮೇಲಕ್ಕೆ ಸರಿಸಿ. ಮಳೆನೀರಿನ ಕೊಳವೆಗೆ ಜಾಲರಿ ಹಾಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಲೆ, ಮಣ್ಣು ತೆಗೆಯಿರಿ. ಕೊಳವೆ ಕಟ್ಟಿಕೊಂಡು ನಾಲ್ಕು ಇಂಚು ನೀರು ನಿಂತರೂ ಇಡೀ ತಾರಸಿಗೆ ಚದರ ಮೀಟರಿಗೆ ಒಂದು ಕಿಲೋನ್ಯೂಟನ್ ಕೂಡುತ್ತದೆ.